ಚಿತ್ರಪುಸ್ತಕವೂ ಮನೆಯ ಪಾಠವೂ

ರವಿವಾರ ಬೆಳಿಗ್ಗೆ ಅಬಿಡ್ಸಿನ ಅಂಗಡಿಗಳು ಮುಚ್ಚಿರುವಾಗ ಅವುಗಳ ಮುಂದಿನ ಫುಟ್‌ಪಾತಿನ ಮೇಲೆ ಬೇರೊಂದು ಸಂತೆ ತೆರೆಯುತ್ತದೆ. ಅದು ಹಳೆಯ ಪುಸ್ತಕಗಳ ಸಂತೆ. ದಪ್ಪ ದಪ್ಪ ಶಾಸ್ತ್ರಗ್ರಂಥಗಳ ಪಕ್ಕದಲ್ಲಿಯೇ ಮಕ್ಕಳ ಚಿತ್ರಪುಸ್ತಕಗಳೂ ರಾಶಿ ಬಿದ್ದಿರುತ್ತವೆ. ಅವುಗಳಲ್ಲಿ ಇಂಗ್ಲಿಷೇ ಹೆಚ್ಚು, ತೆಲುಗು, ಹಿಂದಿ, ಉರ್ದು ಅಲ್ಲಲ್ಲಿ, ಕನ್ನಡವಾದರೋ ಅಪರೂಪ. ಹಾಗೆಂದು ನಾವು ಬರಿಗೈಯಲ್ಲಿ ಹಿಂದಿರುಗಬೇಕಾಗಿಲ್ಲ. ಚಿತ್ರಕ್ಕೆ ತನ್ನದೇ ಆದ ಭಾಷೆಯಿಲ್ಲ; ಅದನ್ನು ತೋರಿಸುವವರ ಭಾಷೆಯೇ ಅದರ ಭಾಷೆ.

ನಮ್ಮ ದೇಶದ 2009ರ ಶಿಕ್ಷಣದ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದುದು. ಆದರೆ ಆರು ತುಂಬುವ ಮೊದಲೇ ಮಗು ಮಾತನ್ನು ಬಹುಮಟ್ಟಿಗೆ ಕಲಿತಿರುತ್ತದೆ. ಆ ವಿದ್ಯೆಗೆ ಮನೆಯೇ ಶಾಲೆ. ಈ ನಗರದ ಕನ್ನಡ ಮನೆಗಳಿಗಂತೂ ಇದು ಇನ್ನೂ ದೊಡ್ಡ ಹೊಣೆ. 1956ರ ನವೆಂಬರ್ 1ರವರೆಗೆ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಅಂದು ಆ ಜಿಲ್ಲೆಗಳು ಮೈಸೂರು ರಾಜ್ಯವನ್ನು ಕೂಡಿಕೊಂಡವು. ರಾಜಧಾನಿಯಲ್ಲಿ ನೆಲೆಸಿದ್ದ ಕನ್ನಡ ಕುಟುಂಬಗಳು ಇಲ್ಲಿಯೇ ಉಳಿದವು. ಇಂದು ನಮ್ಮ ಬೀದಿಯ ಮಾತು ತೆಲುಗು, ಉರ್ದು. ಅವನ್ನು ಮಗುವಿಗೆ ಬೀದಿಯೇ ಕಲಿಸುತ್ತದೆ. ಕನ್ನಡವನ್ನು ಮನೆಯು ಕಲಿಸದಿದ್ದರೆ ಮತ್ತಾರು ಕಲಿಸಿಯಾರು?

ಚಿತ್ರದಿಂದ ಮಾತು ಕಲಿಸುವ ಪದ್ಧತಿ ಹೊಸದಲ್ಲ. ಮೊರಾವಿಯದ ಕೊಮೇನಿಯಸ್ ಎಂಬ ಪಂಡಿತನು ಮಕ್ಕಳಿಗಾಗಿ ರಚಿಸಿದ ಚಿತ್ರಪುಸ್ತಕವು 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾಯಿತು. ಅದರಲ್ಲಿ ಚಿತ್ರದೊಳಗಿನ ಒಂದೊಂದು ವಸ್ತುವಿಗೂ ಒಂದು ಸಂಖ್ಯೆ. ಅದೇ ಸಂಖ್ಯೆಯಡಿ ಲ್ಯಾಟಿನ್ ಮತ್ತು ಜರ್ಮನ್ ಮಾತುಗಳು. ಪದವನ್ನು ವಸ್ತುವಿನಿಂದ ಅಗಲಿಸಿ ಕಲಿಸಬಾರದೆಂಬುದೇ ಆತನ ತತ್ತ್ವ. ಕನ್ನಡದಲ್ಲಿ ಶಿವರಾಮ ಕಾರಂತರು 1936ರಲ್ಲಿ ಚಿತ್ರಸಹಿತವಾದ 'ಬಾಲಪ್ರಪಂಚ'ವನ್ನು ಹೊರತಂದರು. 1947ರಲ್ಲಿ ತೆಲುಗಿನಲ್ಲಿ ಮೊದಲಾದ 'ಚಂದಮಾಮ' 1949ರಲ್ಲಿ ಕನ್ನಡಕ್ಕೂ ಬಂದಿತು. ಆ ಮಾಸಪತ್ರಿಕೆ ಈಗ ನಿಂತುಹೋಗಿದೆ. ಆದರೆ ಒಂದೇ ಚಿತ್ರವು ಹಲವು ನುಡಿಗಳ ಮಕ್ಕಳಿಗೆ ಕಥೆ ಹೇಳಬಲ್ಲುದೆಂಬುದನ್ನು ಅದು ತೋರಿಸಿಕೊಟ್ಟಿತು.

ಮನೆಯಲ್ಲಿ ಈ ಪಾಠವನ್ನು ನಡೆಸುವುದು ಹೇಗೆ? ನಮ್ಮ ಅನುಭವವೊಂದನ್ನು ಹೇಳುತ್ತೇವೆ. ಅಬಿಡ್ಸಿನಲ್ಲಿ ನಾವು ಹೊದಿಕೆ ಹರಿದಿದ್ದ ಒಂದು ಇಂಗ್ಲಿಷ್ ಚಿತ್ರಪುಸ್ತಕವನ್ನು ಕೊಂಡೆವು. ಅದರ ಒಂದು ಪುಟದಲ್ಲಿ ಬಾವಿ. ನಮ್ಮಲ್ಲೊಬ್ಬರ 4 ವರ್ಷದ ತಂಗಿ ಬಾವಿಯನ್ನು ಕಂಡವಳೇ ಅಲ್ಲ. 'ಇದು ದೊಡ್ಡ ಬಕೆಟ್ಟು' ಎಂದಳು. ನಾವು ನಗಲಿಲ್ಲ. ಹಗ್ಗ, ರಾಟೆ, ಕೊಡ ಇವುಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದೆವು. ಅಷ್ಟರಲ್ಲಿ ಅಜ್ಜಿಯು ಸಣ್ಣ ಚೊಂಬಿನ ಕೊರಳಿಗೆ ದಾರ ಕಟ್ಟಿ, ನೀರು ತುಂಬಿದ ಬಕೆಟ್ಟಿನಲ್ಲಿ ಇಳಿಬಿಟ್ಟು, 'ಸೇದು, ಪುಟ್ಟಿ' ಎಂದರು. ಮಗು ದಾರವನ್ನು ಎಳೆಯಿತು. ಚೊಂಬು ತುಳುಕುತ್ತ ಮೇಲೆ ಬಂದಿತು. ನಲ್ಲಿಯ ಮನೆಯಲ್ಲಿ ಯಾರ ಬಾಯಲ್ಲಿಯೂ ಬಾರದಿದ್ದ 'ಸೇದು' ಎಂಬ ಮಾತು ಅಂದು ಅವಳ ಕೈಗೆ ದಕ್ಕಿತು. ಮರುದಿನ ಪುಸ್ತಕವನ್ನು ತೆರೆದಾಗ ಬಾವಿಯನ್ನು ಅವಳೇ ಗುರುತಿಸಿದಳು.

ಮನೆಯಲ್ಲಿ ಇಲ್ಲದುದನ್ನು ಚಿತ್ರವು ತರುತ್ತದೆ. ಚಿತ್ರದಲ್ಲಿ ಇಲ್ಲದ ಭಾರ, ಬಿಸಿ, ವಾಸನೆಗಳನ್ನು ಮನೆಯು ಕೊಡುತ್ತದೆ. ಅಮ್ಮ ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದುವಾಗ ಮಗುವಿಗೂ ಒಂದು ಉಂಡೆ ಕೊಡಲಿ. ತಟ್ಟುವುದು, ಬೇಯಿಸುವುದು, ಮಗುಚುವುದು ಎಂಬ ಕ್ರಿಯಾಪದಗಳೆಲ್ಲ ಅಲ್ಲಿಯೇ ಇವೆ. ರೊಟ್ಟಿಗಳನ್ನು ಎಣಿಸುವುದು ಗಣಿತ. ಒಂದನ್ನು ಇಬ್ಬರಿಗೆ ಹಂಚುವುದು ಭಿನ್ನರಾಶಿಯ ಮೊದಲ ಪಾಠ. ನಾವು ಪುಂಡಿಪಲ್ಯವೆನ್ನುವುದನ್ನೇ ತರಕಾರಿ ಬಂಡಿಯವನು ಗೋಂಗೂರವೆನ್ನುತ್ತಾನೆ. ಉರ್ದು ಮಾತನಾಡುವ ನೆರೆಯವರು ಅಂಬಾಡವೆನ್ನುತ್ತಾರೆ. ಒಂದು ಸೊಪ್ಪಿಗೆ ಮೂರು ಹೆಸರುಗಳೆಂದು ಮಗು ಗಲಿಬಿಲಿಗೊಳ್ಳುವುದಿಲ್ಲ. ಯಾರೊಡನೆ ಯಾವ ಮಾತೆಂಬುದನ್ನು ಅದು ಬೇಗನೆ ಅರಿಯುತ್ತದೆ. ಆದುದರಿಂದ ನೆರೆಯ ನುಡಿಗಳಿಗೆ ನಾವು ಹೆದರಬೇಕಾಗಿಲ್ಲ. ನಮ್ಮ ನುಡಿಯನ್ನು ಕಲಿಸದೆ ಬಿಡುವುದಕ್ಕೆ ಮಾತ್ರ ಹೆದರಬೇಕು.

ಇದನ್ನು ಪರೀಕ್ಷೆಯನ್ನಾಗಿ ಮಾಡಬಾರದು. ದಿನಕ್ಕೆ ಕಾಲು ಗಂಟೆ ಸಾಕು. ಮಗುವು ಒಂದೇ ಪುಟವನ್ನು ಹತ್ತು ಸಲ ಕೇಳಿದರೆ ಹತ್ತು ಸಲವೂ ತೋರಿಸಬೇಕು. ಬೇಸರಗೊಂಡರೆ ಪುಸ್ತಕವನ್ನು ಮುಚ್ಚಬೇಕು. 'ಇದೇನು?' ಎಂದು ಮಾತ್ರ ಕೇಳದೆ, 'ಮುಂದೆ ಏನಾದೀತು?' ಎಂದೂ ಕೇಳಿದರೆ ಮಗುವು ಬರಿಯ ಪದವನ್ನಲ್ಲ, ತುಂಬು ವಾಕ್ಯವನ್ನೇ ಹೇಳತೊಡಗುತ್ತದೆ.

ವಿದ್ಯಾರ್ಥಿಮಿತ್ರರೇ, ಹಿರಿಯರಿಗೆ ನೂರೆಂಟು ಕೆಲಸ. ಈ ಕಾಲು ಗಂಟೆ ನಮ್ಮ ಕೈಯಲ್ಲಿದೆ. ಇಂದು ನಾವು ಕುಳಿತಿರುವ ಬೆಂಚುಗಳ ಮೇಲೆ ನಾಳೆ ಕನ್ನಡ ಓದುವ ಮಕ್ಕಳು ಕುಳಿತಿರಬೇಕಾದರೆ ಅವರಿಗೆ ಕನ್ನಡವು ಮೊದಲು ಮನೆಯಲ್ಲಿ ದೊರೆತಿರಬೇಕು. ಮುಂದಿನ ರವಿವಾರ ಅಬಿಡ್ಸಿಗೆ ಹೋದಾಗ ನಮ್ಮ ಪಠ್ಯಪುಸ್ತಕದೊಡನೆ ತಮ್ಮನಿಗೋ ತಂಗಿಗೋ ಒಂದು ಚಿತ್ರಪುಸ್ತಕವನ್ನೂ ಆರಿಸಿ ತರೋಣ. ಅದು ಯಾವ ಭಾಷೆಯದಾದರೂ ಆಗಲಿ. ಕನ್ನಡದಲ್ಲಿ ಓದಿ ಹೇಳುವವರು ನಾವಿದ್ದೇವೆ.