ಫೋನ್ ಇಟ್ಟರೂ ನಿಲ್ಲದ ಕೆಲಸ

ದೊಡ್ಡ ಫೈಲೊಂದನ್ನು ಇಳಿಸಲು ಹಾಕಿ, ಟರ್ಮಿನಲ್ ಮುಚ್ಚಿ ಮಲಗಿದವರು ಬೆಳಿಗ್ಗೆ ಎದ್ದು ನೋಡಿದರೆ ಫೈಲು ಅರ್ಧಕ್ಕೇ ನಿಂತಿರುತ್ತದೆ. ಕರೆಂಟ್ ಹೋಗಿಲ್ಲ, ನೆಟ್‌ವರ್ಕೂ ಹೋಗಿಲ್ಲ. ಕೆಲಸ ನಿಲ್ಲಿಸಿದ್ದು ‘ಸಿಗ್‌ಹಪ್’ ಎಂಬ ಸಂಕೇತ. ಹಪ್ ಎಂದರೆ ಹ್ಯಾಂಗ್ ಅಪ್, ಫೋನ್ ಕೆಳಗಿಡುವುದು. ಟೆಲಿಫೋನ್ ತಂತಿಯ ಮೇಲೆ ಕಂಪ್ಯೂಟರ್ ಬಳಸುತ್ತಿದ್ದ ಕಾಲದಲ್ಲಿ ಲೈನ್ ಕಡಿದರೆ ಯೂನಿಕ್ಸ್ ‘ಆಸಾಮಿ ಎದ್ದುಹೋದ’ ಎಂದುಕೊಂಡು ಅವನು ಶುರುಮಾಡಿದ್ದನ್ನೆಲ್ಲ ಮುಗಿಸಿಬಿಡುತ್ತಿತ್ತು. ಫೋನ್ ಲೈನ್ ಹೋಗಿ ಎಷ್ಟೋ ವರ್ಷವಾಯಿತು, ಸಂಕೇತ ಮಾತ್ರ ಉಳಿದಿದೆ.

ಆದರೆ ಮನುಷ್ಯ ಎದುರಿಗೆ ಕೂರದಿದ್ದರೂ ನಡೆಯುವ ಕೆಲಸದ ಕಲ್ಪನೆ ಯೂನಿಕ್ಸಿಗಿಂತ ಹಳೆಯದು. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ‘ಪ್ರಾಜೆಕ್ಟ್ ಮ್ಯಾಕ್’ ಶುರುವಾದಾಗ ಫರ್ನಾಂಡೊ ಕಾರ್ಬಟೊ ಅವರ ತಂಡದ ಕೈಯಲ್ಲಿ ಐಬಿಎಂ 7094 ಯಂತ್ರವಿತ್ತು. ಹಲವರು ಏಕಕಾಲಕ್ಕೆ ಬಳಸುವ ಯಂತ್ರ. ಎಲ್ಲರ ಫೈಲುಗಳನ್ನೂ ಟೇಪಿಗೆ ನಕಲು ಮಾಡಿಡಬೇಕು, ಯಾರಿಗೂ ಅಡ್ಡ ಬರಬಾರದು. ಕಣ್ಣಿಗೆ ಬೀಳದೆ ಆ ಕೆಲಸ ಮಾಡುವ ಪ್ರೋಗ್ರಾಮಿಗೆ ಅವರು ‘ಡೀಮನ್’ ಎಂದು ಹೆಸರಿಟ್ಟರು. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿದ, ಬಾಗಿಲಲ್ಲಿ ನಿಂತು ಅನಿಲದ ಅಣುಗಳನ್ನು ಬೇರ್ಪಡಿಸುವ ಪುಟ್ಟ ಜೀವಿಯಿಂದ ಬಂದ ಹೆಸರದು. ಗ್ರೀಕರ ‘ಡೈಮನ್’ ಕೆಟ್ಟದ್ದೇ ಆಗಬೇಕೆಂದಿಲ್ಲ, ಬೆನ್ನಿಗೆ ನಿಂತು ಕಾಯುವುದೂ ಉಂಟು. ತುಳುನಾಡಿನ ಭೂತಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯೂನಿಕ್ಸ್ ಬಂದ ಮೇಲೆ 1970ರ ದಶಕದಲ್ಲಿ ‘ನೋಹಪ್’ ಎಂಬ ಆದೇಶ ಹುಟ್ಟಿತು. ಫೋನ್ ಇಟ್ಟ ಸದ್ದು ಕೇಳಿದರೂ ಕೇಳದಂತೆ ಇರು ಎಂಬುದಷ್ಟೇ ಅದರ ಅರ್ಥ. ಜೊತೆಗೆ ಇನ್ನೊಂದು ಉಪಾಯವೂ ರೂಢಿಗೆ ಬಂತು. ಪ್ರೋಗ್ರಾಮು ತನ್ನದೇ ಮರಿಯೊಂದನ್ನು ಹುಟ್ಟಿಸಿ ತಾನು ಸಾಯುತ್ತದೆ. ಅನಾಥವಾದ ಮರಿಯನ್ನು ಯಂತ್ರದ ಮೊದಲ ಪ್ರಕ್ರಿಯೆ, ಅಂದರೆ 1ನೇ ಸಂಖ್ಯೆಯ ‘ಇನಿಟ್’, ದತ್ತು ತೆಗೆದುಕೊಳ್ಳುತ್ತದೆ. ಟರ್ಮಿನಲ್ಲಿನ ನಂಟು ಕಳಚಿಕೊಂಡ ಆ ಮರಿಯೇ ಡೀಮನ್.

ಡೌನ್‌ಲೋಡಿಗೆ ಈ ಗುಣ ತಂದವರು ಕ್ರೊಯೇಷಿಯಾದ ಹ್ರ್ವೊಯೆ ನಿಕ್ಷಿಚ್. ಅವರ ಪ್ರೋಗ್ರಾಮಿನ ಮೊದಲ ಹೆಸರು ‘ಗೆಟ್‌ಯುಆರ್‌ಎಲ್’. ಅಮಿಗಾ ಕಂಪ್ಯೂಟರಿನಲ್ಲಿ ಅದೇ ಹೆಸರಿನದೊಂದು ಮೊದಲೇ ಇದೆಯೆಂದು ತಿಳಿದ ಮೇಲೆ 1996ರಲ್ಲಿ ಅದು ‘ಡಬ್ಲ್ಯುಗೆಟ್’ ಆಯಿತು. ಆಗಾಗ ಕಡಿಯುವ ನಿಧಾನ ಲೈನುಗಳಿಗೆ ಹೇಳಿಮಾಡಿಸಿದ ಸಾಧನ. ಅರ್ಧ ಬಂದ ಫೈಲು ಎಷ್ಟು ಬೈಟ್ ಇದೆಯೆಂದು ನೋಡಿ, ಅಲ್ಲಿಂದ ಮುಂದಿನದನ್ನಷ್ಟೇ ಸರ್ವರಿನಿಂದ ಕೇಳಬಲ್ಲದು. ಸಿಗ್‌ಹಪ್ ಬಂದರೆ ಸಾಯುವುದಿಲ್ಲ. ಪರದೆಯ ಮೇಲೆ ಹೇಳುತ್ತಿದ್ದುದನ್ನು ಒಂದು ಲಾಗ್ ಫೈಲಿಗೆ ಬರೆಯುತ್ತ ಕೆಲಸ ಮುಂದುವರಿಸುತ್ತದೆ.

ಒಂದು ಕೊರತೆ ಉಳಿಯಿತು. ಹಿನ್ನೆಲೆಗೆ ಹೋದ ಡಬ್ಲ್ಯುಗೆಟ್‌ಗೆ ‘ಇದನ್ನೂ ಇಳಿಸಪ್ಪ’ ಎಂದು ಹೇಳಲು ದಾರಿಯಿರಲಿಲ್ಲ. ಜಪಾನಿನ ತಾತ್ಸುಹಿರೊ ತ್ಸುಜಿಕಾವಾ ಬರೆದ ‘ಆರಿಯಾ2’ ಆ ದಾರಿ ತೆರೆಯಿತು. ಹೇಳಿಟ್ಟರೆ ಅದು 6800ನೇ ಪೋರ್ಟಿನಲ್ಲಿ ಕಿವಿಗೊಟ್ಟು ಕೂರುತ್ತದೆ. ಬೇರೊಂದು ಪ್ರೋಗ್ರಾಮು ಅಲ್ಲಿಗೆ ಸಂದೇಶ ಕಳಿಸಿ ಹೊಸ ವಿಳಾಸ ಸೇರಿಸಬಹುದು, ಇಳಿಯುತ್ತಿರುವುದನ್ನು ತಡೆಹಿಡಿಯಬಹುದು, ಎಷ್ಟು ಬಂತೆಂದು ವಿಚಾರಿಸಬಹುದು. ಮುಗಿಯದ ಪಟ್ಟಿಯನ್ನು ಫೈಲಿನಲ್ಲಿ ಉಳಿಸಿಟ್ಟು, ಮತ್ತೆ ಶುರುವಾದಾಗ ಅದನ್ನೇ ಓದಿಕೊಳ್ಳುವಂತೆಯೂ ಮಾಡಬಹುದು.

ಹಾಗಾದರೆ ಯಂತ್ರ ಆರಿಹೋಗಿ ಹೊತ್ತಿದಾಗ ಆರಿಯಾವನ್ನು ಎಬ್ಬಿಸುವವರು ಯಾರು? 2010ರಲ್ಲಿ ಲೆನಾರ್ಟ್ ಪೊಯೆಟರಿಂಗ್ ಮತ್ತು ಕೇ ಸೀವರ್ಸ್ ಶುರುಮಾಡಿದ ‘ಸಿಸ್ಟಮ್‌ಡಿ’ ಲಿನಕ್ಸಿನಲ್ಲಿ 1ನೇ ಪ್ರಕ್ರಿಯೆಯ ಜಾಗಕ್ಕೇ ಬಂದು ಕೂತಿತು. ಏನನ್ನು ನಡೆಸಬೇಕು, ಬಿದ್ದರೆ ಎಬ್ಬಿಸಬೇಕೇ ಎಂದು ಕೆಲವೇ ಸಾಲಿನ ಫೈಲಿನಲ್ಲಿ ಬರೆದರೆ ಸಾಕು, ಉಳಿದದ್ದು ಅದರ ಹೊಣೆ.

ಹೊಸಬರು ಮುಗ್ಗರಿಸುವುದು ಇಲ್ಲೇ. ಡೀಮನ್ ಅಲ್ಲವೇ ಎಂದು ಆರಿಯಾದ ‘ಡೀಮನ್’ ಆಯ್ಕೆಯನ್ನೂ ಆ ಫೈಲಿನಲ್ಲಿ ಸೇರಿಸುತ್ತಾರೆ. ಆರಿಯಾ ಹಳೆಯ ಪದ್ಧತಿಯಂತೆ ಮರಿ ಹುಟ್ಟಿಸಿ ತಾನು ಸಾಯುತ್ತದೆ. ಸಾಮಾನ್ಯ ಬಗೆಯ ಸೇವೆಯಾದರೆ ಸಿಸ್ಟಮ್‌ಡಿ ತಾಯಿಯ ಸಾವನ್ನೇ ಕೆಲಸದ ಮುಕ್ತಾಯವೆಂದು ತಿಳಿದು ಮರಿಯನ್ನೂ ಕೊಲ್ಲುತ್ತದೆ. 2016ರಲ್ಲಿ ಬಂದ ಅದರ 230ನೇ ಆವೃತ್ತಿಯಂತೂ ಬಳಕೆದಾರ ಲಾಗ್ ಔಟ್ ಆದೊಡನೆ ನೋಹಪ್ ಹಾಕಿದ ಕೆಲಸವನ್ನೂ ಮುಗಿಸುವುದನ್ನೇ ನಿಯಮ ಮಾಡಿ ದೊಡ್ಡ ಗದ್ದಲಕ್ಕೆ ಕಾರಣವಾಯಿತು.

ಅಡಗಿ ಕೂರಲು ದಶಕಗಳ ಕಾಲ ಕಲಿತ ವಿದ್ಯೆಯನ್ನು ಪ್ರೋಗ್ರಾಮು ಈಗ ಮರೆಯಬೇಕು. ಆರಿಯಾವನ್ನು ಸೇವೆಯಾಗಿ ನಡೆಸುವುದಾದರೆ ‘ಡೀಮನ್’ ಆಯ್ಕೆ ತೆಗೆದುಹಾಕಿ. ಎದುರಿಗೇ ಓಡಲಿ, ಕಾಯುವವರು ಬೇರೆ ಇದ್ದಾರೆ.