ನಿಮಗಿದು ಗೊತ್ತೆ? ಮುಳ್ಳು ಮುಟ್ಟದೆ ಹೊತ್ತು ಸರಿಸುವ ಕಲಬುರಗಿ

ಮಾರ್ಚ್‌ನ ಎರಡನೇ ಭಾನುವಾರ ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಗಡಿಯಾರ ಒಂದು ತಾಸು ಮುಂದಕ್ಕೆ ಹೋಗುತ್ತದೆ. ನ್ಯೂಜೆರ್ಸಿಯ ಮಗಳಿಗೆ ಫೋನ್ ಹಚ್ಚುವವರಿಗೆ ಇದು ಗೊತ್ತು: ಹತ್ತೂವರೆ ತಾಸಿನ ಅಂತರ ನವೆಂಬರ್‌ವರೆಗೆ ಒಂಬತ್ತೂವರೆ.

ಕಲಬುರಗಿಯಲ್ಲಿ ಮುಳ್ಳು ತಿರುಗಿಸುವುದಿಲ್ಲ, ಕಚೇರಿಯನ್ನೇ ಸರಿಸುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ವಿಜಯಪುರ, ಬಾಗಲಕೋಟೆಗೂ ಇದೇ. ಅಮೆರಿಕದವರಿಗೆ ಸಂಜೆಯ ಬೆಳಕು ಬೇಕು, ಇಲ್ಲಿಯವರಿಗೆ ಮಧ್ಯಾಹ್ನದ ಬಿಸಿಲು ಬೇಡ! ಮುಳ್ಳು ತಿರುಗಿಸಿದರೂ ಇಲ್ಲಿ ಸಿಗುವುದು ಅಷ್ಟಕ್ಕಷ್ಟೆ. ಲಂಡನ್ನಿನಲ್ಲಿ ಜೂನ್ ಹಗಲು ಡಿಸೆಂಬರ್ ಹಗಲಿಗಿಂತ ಸುಮಾರು 9 ತಾಸು ಉದ್ದ. ಕಲಬುರಗಿಯಲ್ಲಿ ಬರೀ 2 ತಾಸು.

ಮಕ್ಕಳಿಗೆ ಗಡಿಯಾರಕ್ಕೂ ಸೂರ್ಯನಿಗೂ ಇರುವ ಅಂತರ ತೋರಿಸಲು ಕಲಬುರಗಿಯ ಕೋಟನೂರದ ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಟ್ಟರೆ ಸಾಕು. ನೆರಳು ಅತಿ ಗಿಡ್ಡವಾಗುವುದು 12ಕ್ಕಲ್ಲ, ಸರಾಸರಿ 12.23ಕ್ಕೆ. ಭಾರತದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಕಲಬುರಗಿ ಇರುವುದು 76.8ರ ಬಳಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಲೆಕ್ಕ ಹಾಕಿ ನೋಡಿ. ಮೇ 10ರ ಆಸುಪಾಸಿನಲ್ಲಂತೂ ನೆಟ್ಟಗಿನ ಕೋಲಿಗೆ ಆ ಹೊತ್ತಿನಲ್ಲಿ ನೆರಳೇ ಇರುವುದಿಲ್ಲ. ಆಗ ಶಾಲೆಗೆ ರಜೆ, ಅದೊಂದೇ ತೊಡಕು.

ಅಂದಹಾಗೆ, ಬ್ರಿಟಿಷ್ ಭಾರತವೂ ಮುಳ್ಳು ತಿರುಗಿಸಿತ್ತು. ಎರಡನೇ ಮಹಾಯುದ್ಧದ ವೇಳೆ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ ಮಧ್ಯದವರೆಗೆ ಗಡಿಯಾರಗಳು ಒಂದು ತಾಸು ಮುಂದಿದ್ದವು, ಚಳಿಗಾಲದಲ್ಲೂ.