ಅರ್ಜಿಯಲ್ಲಿ ‘ಸಂಬಂಧ’ ಎಂಬ ಕಾಲಂ

‘ರೋಗಿಗೆ ನೀವೇನಾಗಬೇಕು?’ ಆಸ್ಪತ್ರೆಯ ಅರ್ಜಿಯ ಆ ಕಾಲಂನಲ್ಲಿ ಆಕೆ ‘ಗೆಳತಿ’ ಎಂದು ಬರೆದಿದ್ದರು. ಕೌಂಟರಿನವರು ಅರ್ಜಿ ವಾಪಸು ಕೊಟ್ಟು, ಮನೆಯವರನ್ನು ಕರೆಸಿ ಅಂದರಂತೆ. ಹದಿನೆಂಟು ವರ್ಷದಿಂದ ಒಂದೇ ಸೂರಿನಡಿ ಬಾಳುತ್ತಿರುವ ಇಬ್ಬರು ಹೆಂಗಸರು. ಒಬ್ಬರಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್. ಕೊನೆಗೆ ಸಹಿ ಹಾಕಿದ್ದು, ಮಾತು ಬಿಟ್ಟು ಹನ್ನೊಂದು ವರ್ಷವಾಗಿದ್ದ, ರಾತ್ರಿ ಬಸ್ಸು ಹತ್ತಿ ಬಂದ ಅಣ್ಣ.

ಇದನ್ನು ನಾನು ಕೇಳಿದ್ದು ಬೆಂಗಳೂರಿನ ಒಂದು ಸಣ್ಣ ಸಂಸ್ಥೆಯಲ್ಲಿ. ಕಾನೂನು ಓದುತ್ತಿರುವಾಗ ಎರಡು ತಿಂಗಳು ಅಲ್ಲಿ ಇಂಟರ್ನ್ ಆಗಿದ್ದೆ. ಲೈಂಗಿಕ ಅಲ್ಪಸಂಖ್ಯಾತರ ಕುಟುಂಬಗಳ ಪರ ನಿಲ್ಲುವ ಸಂಸ್ಥೆ ಅದು. ನನ್ನ ಕೆಲಸ ಹೆಚ್ಚೂಕಡಿಮೆ ಪೂರ್ತಿ ಕಾಗದಪತ್ರದ್ದೇ. ಯಾಕೆಂದರೆ 2018ರಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಪ್ರೇಮ ಅಪರಾಧವಲ್ಲ ಎಂದಿತು, ನಿಜ. ಆದರೆ 2023ರ ಅಕ್ಟೋಬರ್ 17ರಂದು, ಸಲಿಂಗ ಮದುವೆಗೆ ಮಾನ್ಯತೆ ಕೊಡುವುದು ತನ್ನ ಕೈಲಿಲ್ಲ, ಸಂಸತ್ತಿಗೆ ಬಿಟ್ಟದ್ದು ಎಂದಿತು. ಮದುವೆ ಎಂಬ ಒಂದು ದಾಖಲೆ ಉಳಿದವರಿಗೆ ಒಮ್ಮೆಗೇ ಕೊಡುವುದನ್ನೆಲ್ಲ ಇವರು ಒಂದೊಂದೇ ಕಾಗದ ಮಾಡಿಸಿ ಗಳಿಸಿಕೊಳ್ಳಬೇಕು.

ಕೆಲವು ಕಾಗದ ಸುಲಭ. ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಆ ಸ್ಪಷ್ಟೀಕರಣವನ್ನು ಜೆರಾಕ್ಸ್ ಮಾಡಿಸಿ ಬ್ಯಾಂಕಿಗೆ ಹೋಗುವವರ ಕೈಗೆ ಕೊಡುತ್ತಿದ್ದೆವು. ಪಡಿತರ ಚೀಟಿಗೆ ಇಂಥ ಜೋಡಿಯನ್ನು ಒಂದೇ ಮನೆಯೆಂದು ಎಣಿಸಿ ಎಂದೂ ಕೇಂದ್ರ ಅದೇ ವರ್ಷ ರಾಜ್ಯಗಳಿಗೆ ಬರೆದಿದೆ.

ಆಸ್ಪತ್ರೆಯದು ಕಷ್ಟ. ಪ್ರಜ್ಞೆಯಲ್ಲಿರುವ ವಯಸ್ಕ ರೋಗಿಯ ಒಪ್ಪಿಗೆಯೇ ಕಾನೂನಿಗೆ ಸಾಕು. ಆದರೂ ಸಂಬಂಧಿಕರ ಸಹಿ ಕೇಳುವುದು ರೂಢಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ, ನನ್ನ ಪರವಾಗಿ ಇವರು ಎಂದು ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದರೆ ಆಯಿತು. ರಕ್ತಸಂಬಂಧವೇ ಆಗಬೇಕೆಂದಿಲ್ಲ. ಮನಸ್ಸಿನ ಕಾಯಿಲೆಗೆ ಇಷ್ಟು ಸರಳವಾದದ್ದು ಹೊಟ್ಟೆಯ ಕಲ್ಲಿಗೆ ಯಾಕಿಲ್ಲ? ಈ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಮಕ್ಕಳ ಕಡತಗಳೇ ಎಲ್ಲಕ್ಕಿಂತ ಭಾರ. ದತ್ತು ಒಬ್ಬರ ಹೆಸರಿಗೆ ಮಾತ್ರ. ಇಬ್ಬರೂ ಸೇರಿ ಸಾಕಿದರೂ ಕಾನೂನಿನ ಕಣ್ಣಲ್ಲಿ ಮಗುವಿಗೆ ಒಬ್ಬಳೇ ಅಮ್ಮ. ಆ ಅಮ್ಮ ಇಲ್ಲವಾದರೆ, ರಾತ್ರಿಯೆಲ್ಲ ಹಣೆಗೆ ತಣ್ಣೀರುಪಟ್ಟಿ ಹಾಕಿದ ಇನ್ನೊಬ್ಬಳು ಮಗುವಿಗೆ ಯಾರೂ ಅಲ್ಲ.

ಕಡೆಯ ವಾರ, ಆಸ್ಪತ್ರೆಯಲ್ಲಿ ಅರ್ಜಿ ವಾಪಸಾಗಿದ್ದ ಆ ಇಬ್ಬರು ಉಯಿಲು ಮಾಡಿಸಲು ಬಂದರು. ಮನೆ ಒಬ್ಬರ ಹೆಸರಲ್ಲಿತ್ತು. ತಂದೆತಾಯಿ ಇಲ್ಲ, ಮದುವೆ ಮಕ್ಕಳು ಇಲ್ಲ. ಉಯಿಲಿಲ್ಲದಿದ್ದರೆ ಮನೆ ಸೇರುವುದು ಮಾತು ಬಿಟ್ಟ ಅಣ್ಣನಿಗೇ. ಉಯಿಲಿಗೆ ಛಾಪಾ ಕಾಗದ ಬೇಡ, ಇಬ್ಬರು ಸಾಕ್ಷಿಗಳು ಬೇಕು. ಒಬ್ಬ ಸಾಕ್ಷಿ, ಕೆಳಮನೆಯಲ್ಲಿ ಹಾಲಿನ ವ್ಯಾಪಾರ ಮಾಡುವ ಅಜ್ಜಿ. ತಂದೆಯ ಹೆಸರು, ಊರು ಸಮೇತ ನಿಧಾನವಾಗಿ ಸಹಿ ಹಾಕಿ, ನನ್ನ ಕಡೆ ತಿರುಗಿದರು.

‘ನಾಳೆ ಇವಳ ಅಣ್ಣ ತಕರಾರು ತೆಗೆದ್ರೆ?’

‘ನೀವು ಕೋರ್ಟಿಗೆ ಬಂದು ಹೇಳ್ಬೇಕಾಗುತ್ತೆ ಅಜ್ಜಿ.’

‘ಬೆಳಗ್ಗೆ ಹಾಲು ಹಾಕಿ ಬರ್ತೀನಿ,’ ಅಂದರು.